ಪುಸ್ತಕ ತುಳಿದ ಹುಡುಗ

ಅನ್ಯಾಯದ ಬಗ್ಗೆ ತರಗತಿಯಲ್ಲಿ ಚರ್ಚೆ ನಡೆಸಬೇಕೆಂದಾಗ ಅಮೆರಿಕದ ಅಧ್ಯಾಪಕರು ದಶಕಗಳಿಂದ ನೆಚ್ಚಿಕೊಂಡಿರುವುದು ಹಾರ್ಪರ್ ಲೀಯ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಅನ್ನು. ಅಲ್ಲಿ ಅನ್ಯಾಯ ಉಣ್ಣುವವನು ಕಪ್ಪು ಜನಾಂಗದ ಟಾಮ್ ರಾಬಿನ್ಸನ್. ಅದರಿಂದ ಪಾಠ ಕಲಿಯುವವಳು ಬಿಳಿಯ ಹುಡುಗಿ. ಅವಳಿಗೆ ಅಪ್ಪ ಹೇಳಿಕೊಡುವುದೂ ಕೈ ಎತ್ತಬೇಡ ಎಂದೇ. ಟಾಮ್‌ನ ಸಿಟ್ಟಿಗೆ ಅಲ್ಲಿ ಬಾಯಿಲ್ಲ. ಆ ಬಾಯಿ ಇರುವುದು ಮಿಲ್ಡ್ರೆಡ್ ಟೇಲರ್ ಅವರ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' (1976) ಕಾದಂಬರಿಗೆ. 1977ರಲ್ಲಿ ನ್ಯೂಬೆರಿ ಪದಕ ಪಡೆದ ಈ ಕೃತಿಯನ್ನೂ ಮಿಸಿಸಿಪಿಯ ಇತಿಹಾಸಪಾಠಕ್ಕೆ ಅನುಬಂಧವೆಂಬಂತೆ ಓದಿಸಿ ಮುಗಿಸಿದರೆ ಅದರ ಜೀವವೇ ಕೈತಪ್ಪುತ್ತದೆ.

ಮೊದಲ ಅಧ್ಯಾಯವನ್ನೇ ನೋಡಿ. 1933ರ ಶಾಲಾರಂಭದ ದಿನ ಆರು ವರ್ಷದ ಲಿಟಲ್ ಮ್ಯಾನ್‌ಗೆ ಕೊಳಕಾದ ಪುಸ್ತಕ ಸಿಗುತ್ತದೆ. ಬೇರೆಯದು ಕೊಡಿ ಎಂದು ಅವನು ಮರ್ಯಾದೆಯಿಂದಲೇ ಕೇಳುತ್ತಾನೆ, ಸಿಗುವುದಿಲ್ಲ. ರಟ್ಟಿನ ಒಳಬದಿಯ ಪಟ್ಟಿಯಲ್ಲಿ ಕಣ್ಣಾಡಿಸಿದವನೇ ಪುಸ್ತಕವನ್ನು ನೆಲಕ್ಕೆಸೆದು ತುಳಿಯುತ್ತಾನೆ. ಪಟ್ಟಿಯಲ್ಲಿರುವುದು ಏನು ಎಂದು ನಮಗೆ ತಿಳಿಯುವುದು ಆಮೇಲೆ, ಅಕ್ಕ ಕ್ಯಾಸಿ ತನ್ನ ಪುಸ್ತಕದಲ್ಲಿ ಅಂಥದೇ ಪಟ್ಟಿ ನೋಡಿದಾಗ: 1922ರಲ್ಲಿ ಹೊಸದಾಗಿ ಬಿಳಿಯ ಮಕ್ಕಳ ಕೈ ಸೇರಿದ ಪುಸ್ತಕ ತೀರಾ ಹಾಳಾದ ಮೇಲೆ ಕಪ್ಪು ಮಕ್ಕಳಿಗೆ ಬಂದಿದೆ. ಟೇಲರ್ ಅವರ ಕೌಶಲವಿರುವುದು ಈ ಹಿಂದುಮುಂದಿನಲ್ಲಿ. ಮೊದಲು ಸಿಟ್ಟು, ಆಮೇಲೆ ಪುರಾವೆ. ಹುಡುಗನದು ಬರಿಯ ಹಟವೆಂದು ಒಂದು ಕ್ಷಣ ಓದುಗನೂ ಭಾವಿಸುತ್ತಾನೆ. ಶಿಕ್ಷಕಿ ಮಿಸ್ ಕ್ರಾಕರ್ ಭಾವಿಸಿದ್ದೂ ಅದನ್ನೇ. ಆದರೆ ಪಟ್ಟಿ ಕಂಡ ಮೇಲೂ ಆಕೆಯ ಬೆತ್ತ ನಿಲ್ಲುವುದಿಲ್ಲ. ಅಲ್ಲಿ ಓದುಗ ಆಕೆಯಿಂದ ಬೇರೆಯಾಗಲೇಬೇಕು. ಹೀಗಿರುವಾಗ "ಲಿಟಲ್ ಮ್ಯಾನ್ ಸಿಟ್ಟನ್ನು ಸರಿಯಾಗಿ ತೋರಿಸಿದನೇ?" ಎಂದು ತರಗತಿಯಲ್ಲಿ ಕೇಳುವುದು ಆ ಮಗುವನ್ನು ಮತ್ತೊಮ್ಮೆ ಕಟಕಟೆಗೆ ಹತ್ತಿಸಿದ ಹಾಗೆ. ವಿಚಾರಣೆಗೆ ನಿಲ್ಲಬೇಕಾದದ್ದು ಪಟ್ಟಿ.

ಹದಿಹರೆಯದವರಿಗೆ ಇದು ಹಿಂಸೆ ಕಲಿಸುತ್ತದೆ ಎಂಬ ಆಕ್ಷೇಪಕ್ಕೆ ಕಾದಂಬರಿಯೇ ಉತ್ತರ ಕೊಡುತ್ತದೆ. ಅದೇ ಶಾಲೆಯಲ್ಲಿ ಶಿಕ್ಷಕಿಯಾಗಿರುವ ಮಕ್ಕಳ ತಾಯಿ ಆ ಪಟ್ಟಿಯ ಮೇಲೆ ಕಾಗದ ಅಂಟಿಸುತ್ತಾಳೆ. ಮುಂದೆ ಶಾಲಾಮಂಡಳಿಯವರು ಆಕೆಯನ್ನು ಕೆಲಸದಿಂದ ತೆಗೆಯುವಾಗ ಆ ಪುಸ್ತಕಗಳೂ ಅವರ ಕಣ್ಣಿಗೆ ಬೀಳುತ್ತವೆ. ಸಿಟ್ಟಿಗೆ ತೆರಬೇಕಾದ ಬೆಲೆಯನ್ನು ಟೇಲರ್ ಎಲ್ಲಿಯೂ ಮುಚ್ಚಿಡುವುದಿಲ್ಲ, ಒಂದು ಕಡೆ ಬಿಟ್ಟು. ತನ್ನನ್ನು ಅವಮಾನಿಸಿದ ಬಿಳಿಯ ಹುಡುಗಿ ಲಿಲಿಯನ್ ಜೀನ್‌ಳ ಗುಟ್ಟುಗಳನ್ನು ತಿಳಿದುಕೊಂಡು, ಕಾಡಿಗೆ ಕರೆದೊಯ್ದು ಕ್ಯಾಸಿ ಹೊಡೆಯುವ ಪ್ರಸಂಗದಲ್ಲಿ ಗೆಲುವು ತೀರಾ ಸಲೀಸು. ಗುಟ್ಟು ಬಯಲಾಗುವ ಭಯವೊಂದೇ ಎದುರಾಳಿಯ ಬಾಯಿ ಕಟ್ಟಿಬಿಡುತ್ತದೆ. ಮಕ್ಕಳು ಚಪ್ಪಾಳೆ ತಟ್ಟುವ ಪುಟಗಳೆಂದರೆ ಇವೇ ಇರಬಹುದು. ಆದರೂ ಚರ್ಚೆಯನ್ನು ಇಲ್ಲಿಂದ ಆರಂಭಿಸುವ ಅಧ್ಯಾಪಕರು ಕಾದಂಬರಿಯ ದುರ್ಬಲ ಭಾಗವನ್ನೇ ಆರಿಸಿಕೊಂಡಂತಾಗುತ್ತದೆ.