ಅಂತರದ ಲೆಕ್ಕ

ಪ್ಲಂಜ್ ರೌಟರಿನ ಬಳಕೆಯನ್ನು ಬಲ್ಲವರ ವಲಯದಲ್ಲಿ ಒಂದು ಅಭಿಪ್ರಾಯವು ಈಚೆಗೆ ಸಿದ್ಧಾಂತದ ಗೌರವವನ್ನು ಪಡೆದುಬಿಟ್ಟಿದೆ. ಟೆಂಪ್ಲೇಟಿನ ಅಂಚನ್ನು ಅನುಸರಿಸಿ ಮರವನ್ನು ಕೊರೆಯಬೇಕಾದಲ್ಲಿ ಬೇರಿಂಗ್ ಜೋಡಿಸಿದ ಬಿಟ್ ಒಂದಿದ್ದರೆ ಸಾಕೆಂದೂ, ಯಂತ್ರದ ತಳಕ್ಕೆ ತೊಡಿಸುವ ಲೋಹದ ಆ ಗಿಡ್ಡ ಕೊಳವೆ, ಗೈಡ್ ಬುಷ್, ಲೆಕ್ಕದ ಗೊಂದಲವನ್ನು ತಂದೊಡ್ಡುವ ಹಳೆಯ ಸಾಧನವೆಂದೂ, ಟೆಂಪ್ಲೇಟಿನ ಆಕಾರವೇ ಯಥಾವತ್ತಾಗಿ ಮರದಲ್ಲಿ ಮೂಡುವ ಮಾರ್ಗವಿರುವಾಗ ಅದಕ್ಕಿಂತ ಹಿರಿದೋ ಕಿರಿದೋ ಆದ ಆಕಾರವನ್ನು ಮೂಡಿಸುವ ಉಪಕರಣವನ್ನು ಬಯಸುವುದು ವ್ಯರ್ಥ ಪ್ರಯಾಸವೆಂದೂ ಆ ಅಭಿಪ್ರಾಯದ ಸಾರ. ಕಲಿಸುವವರು ಹೀಗೆ ಕಲಿಸುತ್ತಾರೆ. ಕಲಿಯುವವರು ಬುಷ್ಷನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದೇ ಇಲ್ಲ. ಈ ಅಭಿಪ್ರಾಯವು ತಪ್ಪೆಂಬುದು ನನ್ನ ದೃಢವಾದ ನಂಬಿಕೆ. ದೋಷವೆಂದು ಎಣಿಸಲಾಗುವ ಆ ಅಂತರವೇ ಗೈಡ್ ಬುಷ್ಷಿನ ಶ್ರೇಷ್ಠತೆಯ ಮೂಲವೆಂದು ನಾನು ವಾದಿಸುವೆನು.

ಯಂತ್ರದ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. 1949ರಲ್ಲಿ ಜರ್ಮನಿಯ ಎಲು ಸಂಸ್ಥೆಯು ತಳದ ಮೇಲೆ ಮೋಟಾರು ಏರಿಳಿಯಬಲ್ಲ ರೌಟರನ್ನು ತಯಾರಿಸಿದಂದಿನಿಂದ, ತಿರುಗುತ್ತಿರುವ ಅಲಗನ್ನು ಹಲಗೆಯ ನಟ್ಟನಡುವೆ, ಅಂಚಿನ ಹಂಗಿಲ್ಲದೆ, ಲಂಬವಾಗಿ ಇಳಿಸುವುದು ಸಾಧ್ಯವಾಯಿತೆಂಬುದನ್ನು ಮಾತ್ರ ನೆನೆದರೆ ಸಾಕು. ಗೈಡ್ ಬುಷ್ಷಿನ ಸಾರ್ಥಕ್ಯವಿರುವುದು ಈ ಗುಣದೊಡನೆ. ಬುಷ್ ತಳಕ್ಕೆ ಅಂಟಿಕೊಂಡಿರುವುದರಿಂದ ಅಲಗು ಎಷ್ಟೇ ಆಳಕ್ಕೆ ಇಳಿಯಲಿ, ಟೆಂಪ್ಲೇಟಿನ ಅಂಚಿನೊಡನೆ ಅದರ ಸಂಬಂಧ ಮೊದಲಿದ್ದಂತೆಯೇ ಇರುತ್ತದೆ. ಬೇರಿಂಗ್ ಆದರೋ ಅಲಗಿನೊಡನೆ ತಾನೂ ಇಳಿಯುತ್ತದೆ. 25 ಮಿಲಿಮೀಟರ್ ಉದ್ದದ ಅಲಗಿನ ನೆತ್ತಿಯ ಮೇಲೆ ಬೇರಿಂಗ್ ಇರುವ ಬಿಟ್ ಒಂದನ್ನು 12 ಮಿಲಿಮೀಟರ್ ದಪ್ಪದ ಟೆಂಪ್ಲೇಟಿನೊಡನೆ ಬಳಸುವವನು ಮೊದಲ ಸುತ್ತಿನಲ್ಲೇ 13 ಮಿಲಿಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿಯಬೇಕು. ಇಳಿಯದಿದ್ದರೆ ಬೇರಿಂಗ್ ಟೆಂಪ್ಲೇಟನ್ನು ತಲುಪದೆ ಅಲಗೇ ಅದನ್ನು ಕಡಿದುಹಾಕುತ್ತದೆ. ಬಾಗಿಲಿನ ಕೀಲು ಕೂರಿಸಲು 3 ಮಿಲಿಮೀಟರ್ ಆಳದ ಗುಳಿ ಬೇಕಾದವನಿಗೆ ಇದರಿಂದ ಏನು ಉಪಯೋಗ? ಗಿಡ್ಡ ಅಲಗಿನ ಬಿಟ್‌ಗಳೂ ದೊರೆಯುತ್ತವೆ ಎಂಬ ಉತ್ತರ ಸಿದ್ಧವಾಗಿರುವುದನ್ನು ಬಲ್ಲೆ. ದೊರೆಯುತ್ತವೆ, ಆದರೆ ಆಗ ಟೆಂಪ್ಲೇಟು ಅಲಗಿನ ಉದ್ದಕ್ಕೆ ದಾಸನಾಗಿ ದಪ್ಪಗಿರಬೇಕಾಗುತ್ತದೆ. ಬುಷ್ಷಿಗೋ, ತನ್ನ ಕೊಳವೆಯ ಉದ್ದಕ್ಕಿಂತ ತುಸು ದಪ್ಪವಾದ 6 ಮಿಲಿಮೀಟರಿನ ಹಲಗೆಯೂ ಸಾಕು. ಆಳವಾದ ಕುಳಿಯಿಂದ ಹೊಟ್ಟನ್ನು ಮೇಲಕ್ಕೆಸೆಯುವ ಸುರುಳಿ ಅಲಗನ್ನೂ ಅದರೊಳಗೆ ನಿರಾತಂಕವಾಗಿ ಹಾಯಿಸಬಹುದು. ಕುರ್ಚಿಯ ಕಾಲಿನಂಥ ಹೊರ ಅಂಚುಗಳನ್ನು ಟೆಂಪ್ಲೇಟಿಗೆ ಸಮನಾಗಿ ಸವರುವಲ್ಲಿ ಬೇರಿಂಗ್ ಉತ್ತಮವೆಂಬುದನ್ನು ಒಪ್ಪುತ್ತೇನೆ.

ಇನ್ನು ಅಂತರದ ವಿಚಾರ. ಬುಷ್ಷಿನ ಹೊರವ್ಯಾಸದಲ್ಲಿ ಅಲಗಿನ ವ್ಯಾಸವನ್ನು ಕಳೆದು ಅರ್ಧಿಸಿದರೆ ಟೆಂಪ್ಲೇಟಿನ ಅಂಚಿಗೂ ಕೊರೆದ ಅಂಚಿಗೂ ನಡುವಣ ಅಂತರ ದೊರೆಯುತ್ತದೆ. 30 ಮಿಲಿಮೀಟರ್ ಬುಷ್ಷಿನಲ್ಲಿ 12.7 ಮಿಲಿಮೀಟರ್ ಅಲಗನ್ನಿಟ್ಟರೆ ಅದು 8.65. ಪ್ರಾಥಮಿಕ ಶಾಲೆಯ ಬಾಲಕನೂ ಮಾಡಬಹುದಾದ ಈ ಲೆಕ್ಕವನ್ನು ಹೊರೆಯೆನ್ನುವವರು ಇನ್‌ಲೇ ಕೆಲಸಕ್ಕೆಂದೇ ಮಾರುವ ಬುಷ್ ಜೋಡಿಯನ್ನು ಮನಸ್ಸಿಟ್ಟು ಪರಿಶೀಲಿಸಬೇಕು. ಅದರ ಬುಷ್ಷಿನ ಹೊರವ್ಯಾಸ 5/16 ಅಂಗುಲ. ಅದಕ್ಕೆ ತೊಡಿಸಿ ತೆಗೆಯಬಹುದಾದ ಬಳೆಯೊಂದಿದ್ದು, ತೊಡಿಸಿದಾಗ ಹೊರವ್ಯಾಸ 9/16. ಅಲಗಿನ ವ್ಯಾಸ 1/8. ಟೆಂಪ್ಲೇಟು ಒಂದೇ, ಅದರಲ್ಲಿ ತೆರೆದ ಕಿಂಡಿಯೂ ಒಂದೇ. ಬಳೆ ತೊಡಿಸಿ ಕಿಂಡಿಯ ಅಂಚಿಗೊತ್ತಿ ಸುತ್ತಿಬಂದರೆ ತಳದ ಮರದಲ್ಲಿ ಗುಳಿ ಮೂಡುತ್ತದೆ. 9/16ರಲ್ಲಿ 1/8 ಕಳೆದು ಅರ್ಧಿಸಿದಷ್ಟು, ಎಂದರೆ 7/32 ಅಂಗುಲದಷ್ಟು, ಆ ಗುಳಿಯ ಗೋಡೆ ಕಿಂಡಿಯ ಅಂಚಿನಿಂದ ಒಳಗಿರುತ್ತದೆ. ಬಳೆಯನ್ನು ಕಳಚಿ ಅದೇ ಕಿಂಡಿಯಲ್ಲಿ, ಬೇರೆ ಬಣ್ಣದ ಮರದ ಮೇಲೆ ಸುತ್ತಿದಾಗ ನಮಗೆ ಬೇಕಾದದ್ದು ಒಳಗೆ ಉಳಿಯುವ ತುಣುಕು. ಅದರ ಅಂಚು ಅಲಗಿನ ಆಚೆಯ ಮಗ್ಗುಲಿಗೆ ಬೀಳುವುದರಿಂದ ಈಗ 5/16ಕ್ಕೆ 1/8 ಕೂಡಿಸಿ ಅರ್ಧಿಸಬೇಕು. ಬರುವುದು ಮತ್ತೆ 7/32. ಬಳೆಯ ದಪ್ಪವು ಅಲಗಿನ ವ್ಯಾಸಕ್ಕೆ ಸಮನಾಗಿರಬೇಕೆಂಬ ಒಂದೇ ನಿಯಮದಿಂದ ಗುಳಿಯೂ ತುಣುಕೂ ಒಂದೇ ತಾಯಿಯ ಮಕ್ಕಳಾಗಿ ಹೊರಬರುತ್ತವೆ. ಬೇರಿಂಗ್ ಬಿಟ್ ಹಿಡಿದು ಅದೇ ಕಿಂಡಿಯಲ್ಲಿ ಸುತ್ತಿದವನಿಗೆ ಗುಳಿಯೇನೋ ಕಿಂಡಿಯಷ್ಟೇ ದೊರೆಯುತ್ತದೆ, ತುಣುಕು ಮಾತ್ರ ಸುತ್ತಲೂ ಅಲಗಿನ ವ್ಯಾಸದಷ್ಟು ಸಣ್ಣದಾಗುತ್ತದೆ. ಅಂತರವೇ ಇಲ್ಲದ ಸಾಧನಕ್ಕೆ ಈ ಸಾಮರಸ್ಯ ಎಟುಕುವಂಥದಲ್ಲ.

ಇದೇ ಜೋಡಿಯ ಮಿತಿಯೂ ಗಮನಾರ್ಹ. ಕಿಂಡಿಯಲ್ಲಿ ಎಲೆಯ ಮೊನೆಯಂತೆ ಚೂಪಾದ ಒಳಮೂಲೆ ಇದ್ದರೆ, ಗುಳಿಯ ತುದಿಯು ಅಲಗಿನ ತ್ರಿಜ್ಯದಷ್ಟು, ಅಂದರೆ 1/16 ಅಂಗುಲದಷ್ಟು, ದುಂಡಾಗಿ ಉಳಿಯುತ್ತದೆ. ತುಣುಕಾದರೋ ಚೂಪಾಗಿಯೇ ಬರುತ್ತದೆ. ಆದುದರಿಂದ ಉಳಿಯು ಮುಟ್ಟಬೇಕಾದದ್ದು ಗುಳಿಯ ಮೊನೆಯೊಂದನ್ನೇ. ಆ ಚಿಟಿಕೆಯಷ್ಟು ಮರವನ್ನು ತೆಗೆದರೆ ಎಲೆ ಪೂರ್ಣವಾಗಿ ಕುಳಿತುಕೊಳ್ಳುತ್ತದೆ. ಆದರೆ ಹೃದಯಾಕಾರದ ನೆತ್ತಿಯ ಸೀಳಿನಂತೆ ಕಿಂಡಿಯೊಳಕ್ಕೆ ಚಾಚಿದ ಮೊನೆಯು ಎರಡರಲ್ಲೂ 7/32 ಅಂಗುಲ ತ್ರಿಜ್ಯದ ಕಮಾನಾಗಿ ಸವೆದುಹೋಗುವುದು. ಮೈಸೂರಿನ ಅರಮನೆಯ ಅಂಬಾವಿಲಾಸದಲ್ಲಿ, ದಂತವನ್ನು ಕೂರಿಸಿದ ಬೀಟೆಯ ಬಾಗಿಲ ಮುಂದೆ ನಿಂತವರಿಗೆ ಇಂಥ ಕಮಾನುಗಳು ಕಾಣವು. ತುಣುಕನ್ನು ಕೈಯಿಂದಲೇ ಕತ್ತರಿಸಿ, ಅದಕ್ಕೆ ತಕ್ಕಂತೆ ಗುಳಿಯನ್ನು ತೋಡುವ ಪರಂಪರೆಯೊಡನೆ ಟೆಂಪ್ಲೇಟು ಸ್ಪರ್ಧಿಸಲಾರದು. ಒಂದೇ ಆಕಾರವನ್ನು ಅನೇಕ ಸಲ ಮೂಡಿಸಬೇಕಾದಾಗ, ಆ ಆಕಾರವು ಬಳಕುವ ರೇಖೆಗಳದಾಗಿದ್ದಾಗ, ಅದಕ್ಕೆ ಎಣೆಯಿಲ್ಲ.

ಬುಷ್ಷಿನ ಮೇಲೆ ಹೊರಿಸುವ ಇನ್ನೊಂದು ಆರೋಪವೆಂದರೆ ಕೇಂದ್ರಚ್ಯುತಿ. ಅಲಗಿನ ಅಕ್ಷಕ್ಕೂ ಬುಷ್ಷಿನ ಕೇಂದ್ರಕ್ಕೂ 0.3 ಮಿಲಿಮೀಟರ್ ವ್ಯತ್ಯಾಸವಿದೆ ಎಂದಿಟ್ಟುಕೊಳ್ಳೋಣ. ಹಿಡಿಗಳ ದಿಕ್ಕನ್ನು ಬದಲಿಸದೆ ರೌಟರನ್ನು ಸುತ್ತಿಸಿದರೆ ಗುಳಿಯು ಇಡಿಯಾಗಿ 0.3 ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಅದರ ಅಳತೆ ಕೂದಲೆಳೆಯಷ್ಟೂ ಬದಲಾಗದು. ಯಂತ್ರದ ಒಂದೇ ಮಗ್ಗುಲು ಸದಾ ಅಂಚಿಗೆ ತಾಗುವಂತೆ ತಿರುಗಿಸುತ್ತ ಹೋದರೆ ಮಾತ್ರ ಗುಳಿಯು ಅಡ್ಡಕ್ಕೂ ಉದ್ದಕ್ಕೂ 0.6ರಷ್ಟು ಹಿಗ್ಗಬಹುದು ಅಥವಾ ಕುಗ್ಗಬಹುದು. ಕೇಂದ್ರೀಕರಿಸುವ ಶಂಕುವನ್ನು ಬಳಸಿ ತಳವನ್ನು ಸರಿಪಡಿಸಿಕೊಳ್ಳುವುದು ಲೇಸು. ಅದಿಲ್ಲದಿದ್ದರೂ ಹಿಡಿಗಳನ್ನು ಸ್ಥಿರ ದಿಕ್ಕಿನಲ್ಲಿಡುವ ಶಿಸ್ತು ಸಾಕು. ಬುಷ್ಷಿಗೂ ಅಂಚಿಗೂ ನಡುವೆ ಹೊಟ್ಟು ಸಿಕ್ಕಿಕೊಂಡರೂ ಗುಳಿ ಕಿರಿದಾಗುವುದೇ ವಿನಾ ಹಿರಿದಾಗದು, ಮತ್ತೊಂದು ಸುತ್ತಿನಲ್ಲಿ ಅದು ಸರಿಹೋಗುತ್ತದೆ. ಕಿಂಡಿಯೊಳಗೆ ಪ್ರದಕ್ಷಿಣವಾಗಿ ನಡೆಸುವವನಿಗೆ ಅಲಗಿನ ಸೆಳೆತವೇ ಬುಷ್ಷನ್ನು ಅಂಚಿಗೊತ್ತಿ ನೆರವಾಗುತ್ತದೆ.

ಈ ತಾಂತ್ರಿಕ ವಾದಗಳಿಗಿಂತ ನನ್ನನ್ನು ಹೆಚ್ಚು ನೋಯಿಸುವುದು ಮತ್ತೊಂದು ಪಕ್ಷದವರ ಮಾತು. ಟೆಂಪ್ಲೇಟು ಬಂದೊಡನೆ ಕುಶಲತೆ ಸತ್ತಿತು, ಅಂಚಿಗೊರಗಿ ನಡೆಯುವ ಕೈ ಕೈಯಲ್ಲ ಎನ್ನುವ ಇವರು, ಇಂಗ್ಲೆಂಡಿನ ಡೇವಿಡ್ ಪೈ 1968ರ ತನ್ನ ಗ್ರಂಥದಲ್ಲಿ ಅಪಾಯದ ಕಸುಬುದಾರಿಕೆ, ನಿಶ್ಚಿತತೆಯ ಕಸುಬುದಾರಿಕೆ ಎಂದು ಮಾಡಿದ ವಿಭಾಗವನ್ನು ಸಾಕ್ಷಿಗೆ ಕರೆಯುತ್ತಾರೆ. ಕರೆಯುವವರು ಗ್ರಂಥವನ್ನು ಪೂರ್ತಿ ಓದಿದ್ದರೆ ಚೆನ್ನಾಗಿತ್ತು. ಪ್ರತಿ ಕ್ಷಣವೂ ಕೆಲಸ ಕೆಡಬಹುದಾದ ಸ್ಥಿತಿಯಲ್ಲಿ ದುಡಿಯುವ ಕಸುಬುದಾರರೆಲ್ಲರೂ ಆ ಅಪಾಯವನ್ನು ಕುಗ್ಗಿಸಲು ಟೆಂಪ್ಲೇಟುಗಳನ್ನೂ ಅಂಥ ಇತರ ಸಾಧನಗಳನ್ನೂ ಸದಾ ಕಲ್ಪಿಸುತ್ತಲೇ ಇರುತ್ತಾರೆಂದು ಪೈ ಸ್ಪಷ್ಟವಾಗಿ ಹೇಳಿದ್ದಾನೆ. ಕೈಗೆಲಸ, ಯಂತ್ರಗೆಲಸ ಎಂಬ ಭೇದವನ್ನೇ ಆತ ನಿರರ್ಥಕವೆಂದು ಬಗೆದವನು. ಆತನ ಹೆಸರನ್ನು ಉಳಿಸಿದ ಮರದ ಬಟ್ಟಲುಗಳ ಗೀರುಗಳಾದರೂ ಬರಿಗೈಯಲ್ಲಿ ಹಿಡಿದ ಉಳಿಯಿಂದ ಆದವಲ್ಲ, ಆತನೇ ನಿರ್ಮಿಸಿಕೊಂಡ ಮಾರ್ಗದರ್ಶಕ ಯಂತ್ರದಿಂದ ಆದವು. ಇಂಥವನನ್ನು ಟೆಂಪ್ಲೇಟಿನ ವೈರಿಯನ್ನಾಗಿ ನಿಲ್ಲಿಸುವುದು ಅನ್ಯಾಯ. ಟೆಂಪ್ಲೇಟಿನ ಅಂಚನ್ನು ಅರದಿಂದ ತಿದ್ದುವವನ ಕೈಯಲ್ಲಿ ಕುಶಲತೆಯಿಲ್ಲವೇ? ಅಲ್ಲಿಯ ಒಂದು ಉಬ್ಬು, ಒಂದು ತಗ್ಗು, ಮುಂದಿನ ಪ್ರತಿ ಗುಳಿಯಲ್ಲಿಯೂ ಮರುಕಳಿಸುವುದರಿಂದ ಅಲ್ಲಿ ಬೇಕಾದ ಏಕಾಗ್ರತೆ ಒಂಟಿ ಗುಳಿಯನ್ನು ಉಳಿಯಿಂದ ತೋಡುವವನದಕ್ಕಿಂತ ಕಡಿಮೆಯದಲ್ಲ.

ದುಂಡುಮೂಲೆಯ ಕೀಲುಗಳ ಬಗ್ಗೆಯೂ ಇಲ್ಲಿಯೇ ಹೇಳಬೇಕು. ರೌಟರು ಬಿಟ್ಟುಹೋಗುವ ದುಂಡುಮೂಲೆಗೆ ಸರಿಹೊಂದಲೆಂದು 1/4 ಅಂಗುಲ, 5/8 ಅಂಗುಲ ತ್ರಿಜ್ಯದ ಮೂಲೆಗಳುಳ್ಳ ಕೀಲುಗಳು ಮಾರುಕಟ್ಟೆಯಲ್ಲಿವೆ. ಬುಷ್ಷನ್ನು ಮೆಚ್ಚುವವರಲ್ಲಿ ಅನೇಕರು ಅವನ್ನೂ ಮೆಚ್ಚುತ್ತಾರೆ. ಈ ವಿಷಯದಲ್ಲಿ ನಾನು ಅವರೊಡನಿಲ್ಲ. ತೇಗದ ಬಾಗಿಲಿನ ಚೌಕಟ್ಟಿನಲ್ಲಿ ಚೌಕಮೂಲೆಯ ಹಿತ್ತಾಳೆಯ ಕೀಲು ಕೂರುವ ಅಂದವೇ ಬೇರೆ. ಗುಳಿಯ ತಳವು ಸಮನಾಗಿ, ಮೂರು ಗೋಡೆಗಳೂ ನೇರವಾಗಿ ಬುಷ್ಷಿನಿಂದ ಸಿದ್ಧವಾಗಿರುವಾಗ ಮೂಲೆಗೆ ನಾಲ್ಕು ಪೆಟ್ಟು ಉಳಿಯಿಂದ ಹಾಕುವುದು ಎಷ್ಟರ ಶ್ರಮ! ಆ ಗೋಡೆಗಳೇ ಉಳಿಯ ಬೆನ್ನಿಗೆ ಆಸರೆಯಾಗಿ ಅಲಗನ್ನು ಮೂಲೆಯವರೆಗೂ ನೇರವಾಗಿ ಕೊಂಡೊಯ್ಯುತ್ತವೆ.