ಚಳಿಗಾಲದ ಓರೆಬೆಳಕು, ಪುಲಿಗೆರೆಯ ಕಲ್ಲು

ಹಿಮ ಬೀಳುವ ನಾಡುಗಳಲ್ಲಿ ಹಳೆಯ ಪಟ್ಟಣಗಳ ಛಾಯಾಚಿತ್ರ ತೆಗೆಯುವವರು ಚಳಿಗಾಲಕ್ಕಾಗಿ ಕಾಯುತ್ತಾರೆ. ಗದಗ ಸೀಮೆಯಲ್ಲಿ ಹಿಮ ಬೀಳದಿದ್ದರೂ ಇಲ್ಲಿನ ಶಿಲ್ಪವನ್ನು ಸೆರೆಹಿಡಿಯಲು ಡಿಸೆಂಬರ್, ಜನವರಿಗಳಷ್ಟು ಒದಗಿಬರುವ ಕಾಲ ಇನ್ನೊಂದಿಲ್ಲ. ಅದಕ್ಕೆ ಕಾರಣ ಸೂರ್ಯನ ದಾರಿ.

ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದ ಈ ಸೀಮೆಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುವುದರಿಂದ ದೇಗುಲಗಳ ದಕ್ಷಿಣದ ಗೋಡೆ ನೆರಳಿನಲ್ಲೇ ಉಳಿಯುತ್ತದೆ. ಡಿಸೆಂಬರ್ ಕೊನೆಯಲ್ಲಾದರೆ ಸೂರ್ಯ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟಿ, ಮಧ್ಯಾಹ್ನದಲ್ಲೂ 51–52 ಡಿಗ್ರಿಗಿಂತ ಮೇಲೇರದೆ, ಅದೇ ಗೋಡೆಯನ್ನು ದಿನವಿಡೀ ಬೆಳಗುತ್ತಾನೆ.

ಇದರ ಸೊಗಸು ಪೂರ್ಣವಾಗಿ ತಿಳಿಯುವುದು ಲಕ್ಷ್ಮೇಶ್ವರದಲ್ಲಿ, ಅಂದರೆ ಹಳೆಯ ಪುಲಿಗೆರೆಯಲ್ಲಿ. ಚಾಲುಕ್ಯರ ಕಾಲದ ಸೋಮೇಶ್ವರ ದೇವಾಲಯದ ಕೋಟೆಯಂಥ ಪ್ರಾಕಾರವನ್ನು ಬಿಸಿಲು ದಾಟಿ ಬಂದ ಮೊದಲ ಒಂದು ಗಂಟೆ, ದಕ್ಷಿಣದ ಗೋಡೆಯ ಮೇಲೆ ಓರೆಬೆಳಕು, ಎಂದರೆ ಎದುರಾಗಿ ಬೀಳದೆ ಕಲ್ಲಿನ ಮೈಯನ್ನು ಸವರಿಕೊಂಡು ಸಾಗುವ ಬೆಳಕು, ಇರುತ್ತದೆ. ಆಗ ಗೋಡೆಯಿಂದ ಒಂದು ಅಂಗುಲ ಮುಂಚಾಚಿದ ಅರೆಗಂಬ ಸುಮಾರು ಎರಡು ಅಂಗುಲದ ನೆರಳು ಚೆಲ್ಲುವುದರಿಂದ, ನಡುಹಗಲಲ್ಲಿ ಕಣ್ಣಿಗೇ ಬೀಳದ ಬಳ್ಳಿಯ ಸುರುಳಿಗಳೂ ಮುತ್ತಿನ ಸಾಲುಗಳೂ ಬಿಡಿಬಿಡಿಯಾಗಿ ಎದ್ದು ನಿಲ್ಲುತ್ತವೆ. ಅದೇ ಊರಿನ ಆದಿಲ್ ಶಾಹಿ ಕಾಲದ ಮಸೀದಿ ಪಶ್ಚಿಮದ ಕಿಬ್ಲಾಕ್ಕೆ (ಪ್ರಾರ್ಥನೆಯ ದಿಕ್ಕಿಗೆ) ಅಭಿಮುಖವಾಗಿ, ಪೂರ್ವಕ್ಕೆ ತೆರೆದುಕೊಂಡಿರುವುದರಿಂದ ಅದಕ್ಕೂ ಬೆಳಗಿನ ಹೊತ್ತೇ ಒಪ್ಪುತ್ತದೆ.

ಕ್ಯಾಮೆರಾದ ಮೀಟರು ಎದುರಿನದನ್ನೆಲ್ಲ ನಡುಬೂದು ಎಂದೇ ಅಳೆಯುವುದರಿಂದ ಹಿಮವನ್ನು ಮಂಕಾಗಿಸುತ್ತದೆ, ಕಪ್ಪು ಛಾಯೆಯ ಬಳಪದ ಕಲ್ಲನ್ನು ಪೇಲವಗೊಳಿಸುತ್ತದೆ. ಆದಕಾರಣ ಹಿಮದಲ್ಲಿ ಒಂದೆರಡು ಸ್ಟಾಪ್ ಹೆಚ್ಚಿಸುವಂತೆ (ಒಂದು ಸ್ಟಾಪ್ ಎಂದರೆ ಬೆಳಕನ್ನು ಇಮ್ಮಡಿಸುವ ಅಥವಾ ಅರ್ಧಕ್ಕಿಳಿಸುವ ಹೆಜ್ಜೆ) ಇಲ್ಲಿ ಅರ್ಧದಿಂದ ಒಂದು ಸ್ಟಾಪ್ ತಗ್ಗಿಸಬೇಕಾಗುತ್ತದೆ. ಶಿರಹಟ್ಟಿ, ಮುಂಡರಗಿ ಕಡೆ ಕಪ್ಪತಗುಡ್ಡದ ಮಗ್ಗುಲಲ್ಲಿ ಮಂಜು ಮುಸುಕಿದ ಮುಂಜಾವಿನಲ್ಲಿ ಮಾತ್ರ ಹಿಮದ ಲೆಕ್ಕವೇ ಸರಿ.

ಈ ಸೀಮೆಗೆ ಕ್ಯಾಮೆರಾ ಹೊಸತಲ್ಲ. ಪಿಗೌ, ನೀಲ್, ಬಿಗ್ಸ್ ಎಂಬವರು ತೆಗೆದ ಧಾರವಾಡ, ಮೈಸೂರು ಸೀಮೆಗಳ ವಾಸ್ತುಶಿಲ್ಪದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಹೊರಬಂದವು. ಬಣ್ಣದ ನೆರವಿಲ್ಲದ ಆ ಪುಟಗಳಲ್ಲಿ ಶಿಲ್ಪದ ಉಬ್ಬುತಗ್ಗನ್ನು ಹೇಳುವುದು ನೆರಳೊಂದೇ. ಹೊಸಬರು ಲೆನ್ಸ್ ಕೊಳ್ಳುವ ಮೊದಲು ಅವನ್ನು ನಿಧಾನವಾಗಿ ನೋಡುವುದು ಒಳಿತು.

ಹೊತ್ತೇರಿ ಹೊರಗೋಡೆಯ ಬೆಳಕು ಚಪ್ಪಟೆಯಾದ ಬಳಿಕ ಗದಗಿನ ತ್ರಿಕೂಟೇಶ್ವರ ಆವರಣದ ಸರಸ್ವತಿ ಗುಡಿಯನ್ನು ಹೊಗಬಹುದು. ಅಂಗಳದ ನೆಲದಿಂದ ಪುಟಿದು ಬರುವ ಮೃದು ಬೆಳಕಿಗೆ ಅಲ್ಲಿನ ಕುಸುರಿ ಕಂಬಗಳು ಚೆನ್ನಾಗಿ ಒದಗುತ್ತವೆ, ಆದರೆ ಟ್ರೈಪಾಡ್ ಹೂಡಲು ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು.