ಎರಡು ಸಲ ಸೋತ ಲೆಕ್ಕ

ಐಸ್ ಹಾಕಿಯ ದಂತಕಥೆ ಗಾರ್ಡಿ ಹೌ ಮಗ ಎಂದು ಶುರುಮಾಡದೆ ಮಾರ್ಕ್ ಹೌ ಬಗ್ಗೆ ಬರೆದವರು ಕಡಿಮೆ. 1973ರಲ್ಲಿ ನಿವೃತ್ತಿಯಿಂದ ಎದ್ದುಬಂದ ಅಪ್ಪ, ಅಣ್ಣ ಮಾರ್ಟಿ, ಹದಿನೆಂಟರ ಮಾರ್ಕ್, ಮೂವರೂ ಹ್ಯೂಸ್ಟನ್ ಏರೋಸ್ ಪರ ಒಟ್ಟಿಗೆ ಐಸಿಗಿಳಿದ ಕಥೆ ಸೊಗಸಾದದ್ದೇ. ಆದರೆ ಅದನ್ನು ಹೇಳುವ ಉತ್ಸಾಹದಲ್ಲಿ ಹುಡುಗ ಹದಿನಾರರಲ್ಲೇ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಬೆಳ್ಳಿ ಗೆದ್ದಿದ್ದನ್ನು ಮರೆಯುತ್ತಾರೆ. ಆಗ ಪಕ್ಕದಲ್ಲಿ ಅಪ್ಪ ಇರಲಿಲ್ಲ.

ನನ್ನ ತಕರಾರು ಅಪ್ಪನ ನೆರಳಿನ ಬಗ್ಗೆಯಲ್ಲ, ನಾರಿಸ್ ಟ್ರೋಫಿಯ ಬಗ್ಗೆ. ಉತ್ತರ ಅಮೆರಿಕದ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ಈ ಪ್ರಶಸ್ತಿಗೆ ಮಾರ್ಕ್ ಮೂರು ಸಲ ಎರಡನೆಯವನಾದ: 1983, 1986, 1987. ಕೊನೆಯದರಲ್ಲಿ ಗೆದ್ದವನು ರೇ ಬೋರ್ಕ್, ಅಲ್ಲಿ ಜಗಳವಿಲ್ಲ. ಮೊದಲೆರಡನ್ನು ಮಾತ್ರ ಅಕ್ಕಪಕ್ಕ ಇಟ್ಟು ನೋಡಬೇಕು.

1983ರಲ್ಲಿ ಗೆದ್ದ ರಾಡ್ ಲ್ಯಾಂಗ್‌ವೇ ಇಡೀ ಋತುವಿನಲ್ಲಿ ಹೊಡೆದದ್ದು 3 ಗೋಲು. ಡಿಫೆನ್ಸ್‌ಮನ್ ಕೆಲಸ ಗೋಲು ತಡೆಯುವುದು, ಹೊಡೆಯುವುದಲ್ಲ ಎಂದು ಮತ ಹಾಕಿದ ಪತ್ರಕರ್ತರು ಆಗ ತೀರ್ಮಾನಿಸಿದಂತಿತ್ತು. ಒಪ್ಪೋಣ. ಮೂರು ವರ್ಷ ಕಳೆದು ಅದೇ ಟ್ರೋಫಿ 48 ಗೋಲು ಹೊಡೆದ ಪಾಲ್ ಕಾಫಿಗೆ ಹೋಯಿತು. ಅಂದರೆ ಡಿಫೆನ್ಸ್‌ಮನ್ ಕೆಲಸ ಗೋಲು ಹೊಡೆಯುವುದು! ಒಮ್ಮೆ ತಡೆಯುವವನ ಹಿಂದೆ, ಒಮ್ಮೆ ಹೊಡೆಯುವವನ ಹಿಂದೆ ನಿಂತವನು ಎರಡನ್ನೂ ಬಲ್ಲ ಒಬ್ಬನೇ. 1985-86ರಲ್ಲಿ ಮಾರ್ಕ್ 24 ಗೋಲು ಹೊಡೆದ, 58ಕ್ಕೆ ನೆರವಾದ. ತಾನು ಐಸಿನ ಮೇಲಿದ್ದಾಗ ತಂಡ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟವನ್ನು ಕಳೆಯುವ ಪ್ಲಸ್-ಮೈನಸ್ ಲೆಕ್ಕದಲ್ಲಿ 80 ದಾಟಿ ಲೀಗಿಗೇ ಮೊದಲಿಗ. ಆ 24ರಲ್ಲಿ 7 ಗೋಲು ಅವನ ಆಗಿನ ಫಿಲಡೆಲ್ಫಿಯಾ ತಂಡದಲ್ಲಿ ಒಬ್ಬ ಆಟಗಾರ ಕಡಿಮೆಯಿದ್ದಾಗ ಬಂದವು. ಎದುರಾಳಿ ಮುತ್ತಿಗೆ ಹಾಕಿದ ಹೊತ್ತಿನಲ್ಲಿ ಪಕ್ ಕಿತ್ತುಕೊಂಡು ಆಚೆ ತುದಿಗೆ ಓಡುವ ಧೈರ್ಯ, ಎಡ ವಿಂಗರ್ ಆಗಿ ಬೆಳೆದು ಆಮೇಲೆ ಹಿಂದಕ್ಕೆ ಸರಿದವನಿಗೆ ಮಾತ್ರ ಬರುವಂಥದ್ದು. ಎಲ್ಲಿಂದ ದಾಳಿ ಹುಟ್ಟುತ್ತದೆಂದು ಅವನಿಗೆ ಗೊತ್ತು, ತಾನೇ ಹುಟ್ಟಿಸಿದವನಲ್ಲವೇ.

ಪ್ಲಸ್-ಮೈನಸ್ ಮೋಸದ ಲೆಕ್ಕ, ಜೊತೆಗಾರ ಬ್ರ್ಯಾಡ್ ಮೆಕ್‌ಕ್ರಿಮನ್‌ಗೂ ಆ ವರ್ಷ ಅಷ್ಟೇ ದೊಡ್ಡ ಅಂಕಿ ಬಂದಿತ್ತು ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ, ಮೆಕ್‌ಕ್ರಿಮನ್ ಗಟ್ಟಿ ಆಟಗಾರ. ಆದರೆ ಇದೇ ಜನ ಕಾಫಿಯ ಅಂಕಿಗಳನ್ನು ಎಣಿಸುವಾಗ ಅವನ ಮುಂದೆ ಗ್ರೆಟ್ಸ್ಕಿ ಆಡುತ್ತಿದ್ದ ಎಂದು ಕಳೆಯುವುದಿಲ್ಲ. ಕಳೆಯುವ ಚಾಳಿ ಇದ್ದರೆ ಇಬ್ಬರದ್ದೂ ಕಳೆಯಿರಿ. ಇವರ ಇನ್ನೊಂದು ಆಕ್ಷೇಪ, ಲೀಗಿನ ಕಿರೀಟವಾದ ಸ್ಟ್ಯಾನ್ಲಿ ಕಪ್ ಗೆಲ್ಲಲಿಲ್ಲವೆಂಬುದು, ನಗು ತರಿಸುತ್ತದೆ. 1985 ಮತ್ತು 1987ರ ಫೈನಲ್‌ಗಳಲ್ಲಿ ಎದುರಿದ್ದದ್ದು ಗ್ರೆಟ್ಸ್ಕಿಯೂ ಕಾಫಿಯೂ ಆಡುತ್ತಿದ್ದ ಎಡ್ಮಂಟನ್.

ಮರುಕದ ವಿಮರ್ಶಕರು ಬೇರೆ. ಅವರಿಗೆ 1980ರ ಡಿಸೆಂಬರ್ ಸಾಕು: ಹಾರ್ಟ್‌ಫರ್ಡ್ ಪರ ಆಡುತ್ತಿದ್ದಾಗ ಜಾರಿಹೋಗಿ ಗೋಲುಬಲೆಯ ನಡುವಿನ ಚೂಪು ಲೋಹಕ್ಕೆ ಸಿಕ್ಕಿ ತೊಡೆ ಸೀಳಿಕೊಂಡದ್ದು, ಆಮೇಲೆ ಲೀಗು ಆ ಬಲೆಯ ವಿನ್ಯಾಸವನ್ನೇ ಕೈಬಿಟ್ಟದ್ದು. ಅವನು ನಾರಿಸ್‌ಗೆ ಎರಡನೆಯವನಾದ ಮೂರೂ ಋತುಗಳು ಆ ಗಾಯದ ನಂತರದವು ಎಂಬುದನ್ನು ಕಣ್ಣೀರಿನ ನಡುವೆ ಗಮನಿಸುವುದಿಲ್ಲ.

ಸೊಂಟನೋವಿನಿಂದ ಕೊನೆಯ ವರ್ಷಗಳಲ್ಲಿ ಆಟ ಕುಂದಿತ್ತು, ನಿಜ. 1995ರಲ್ಲಿ ಡೆಟ್ರಾಯಿಟ್‌ನಲ್ಲಿ ನಿಲ್ಲಿಸಿದ. ಹಾಲ್ ಆಫ್ ಫೇಮ್ ಬಾಗಿಲು ತೆರೆದದ್ದು 2011ರಲ್ಲಿ. ಅಷ್ಟೊತ್ತಿಗೆ ಲ್ಯಾಂಗ್‌ವೇಯೂ ಕಾಫಿಯೂ ಒಳಗಿದ್ದರು.